ಗಸಿ ಯಾರ ಹಿತ್ತಲಿಗೆ?

ಆಷಾಢದ ಗಾಳಿ ಎದ್ದ ದಿನ ಚಾಂಪಿಯನ್ ರೀಫ್ಸ್‌ನ ಲೈನು ಮನೆಗಳ ಹೆಂಗಸರು ಒಗೆದ ಬಟ್ಟೆಯನ್ನು ಹೊರಗೆ ಹರವಲು ಹಿಂದೆಮುಂದೆ ನೋಡುತ್ತಾರೆ. ಹರವಿದರೆ, ಒಣಗಿ ತೆಗೆಯುವ ಹೊತ್ತಿಗೆ ಅದರ ಮೇಲೆ ರಾಗಿಹಿಟ್ಟಿಗಿಂತ ನಯವಾದ ಬೂದು ಪುಡಿ ಕೂತಿರುತ್ತದೆ. ಕೊಡವಿದರೆ ಪೂರ್ತಿ ಹೋಗುವುದಿಲ್ಲ, ಇನ್ನೊಮ್ಮೆ ನೀರಿಗೆ ಹಾಕಬೇಕು. ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ ನೀರೇನು ಧಾರಾಳವೇ? ಆ ಪುಡಿ ಬರುವುದು ಊರಿನ ನಡುವೆಯೇ ಮಲಗಿರುವ ಸೈನೈಡ್ ದಿಬ್ಬಗಳಿಂದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕೆಲಸ ಹಿಡಿದಂದಿನಿಂದ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವವರೆಗೆ ನೆಲದೊಳಗಿಂದ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಆ ಚಿನ್ನ ಊರಲ್ಲಿ ಉಳಿಯಲಿಲ್ಲ. ಕಲ್ಲನ್ನು ಅರೆದು, ಸೈನೈಡ್ ನೀರಿನಲ್ಲಿ ತೊಳೆದು, ಚಿನ್ನ ಹಿಂಡಿಕೊಂಡ ಮೇಲೆ ಮಿಕ್ಕ ಸುಮಾರು 3.3 ಕೋಟಿ ಟನ್ ಗಸಿ ಮಾತ್ರ ಇಲ್ಲೇ ಉಳಿಯಿತು.

ಇಂಥ ಊರಿನ ಪಕ್ಕದಲ್ಲಿ ಕೂತು ಹಿತ್ತಲಲ್ಲಿ ಬಣ್ಣದ ಗಿಡ ಬೆಳೆಸುವ ಮಾತಾಡಿದರೆ ಹೊಟ್ಟೆ ತುಂಬಿದವರ ಶೋಕಿ ಎನಿಸಬಹುದು. ನನಗೂ ಮೊದಮೊದಲು ಹಾಗೇ ಅನಿಸಿತ್ತು. ಬಂಗಾರಪೇಟೆಯ ನನ್ನ ಹಿತ್ತಲಲ್ಲಿ ಎರಡು ಸಾಲು ನೀಲಿ ಗಿಡ ಹಾಕಿ, ಅದರ ಸೊಪ್ಪು ಕೊಳೆಸಿ, ಒಂದು ಟವೆಲ್ಲಿಗೆ ಬಣ್ಣ ಕಟ್ಟಿದ ಮೇಲೆ ಯೋಚನೆ ಬೇರೆ ದಿಕ್ಕಿಗೆ ತಿರುಗಿತು. ಗಿಡದಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಬಣ್ಣ ಒಳ್ಳೆಯದಾಗುವುದಿಲ್ಲ. ಬಣ್ಣ ಕಟ್ಟಿದ ಕೈಯೇ ಅದರ ಗಸಿಯನ್ನೂ ತನ್ನ ಕಣ್ಣೆದುರಿಗೆ, ತನ್ನದೇ ನೆಲಕ್ಕೆ ಸುರಿದುಕೊಳ್ಳಬೇಕಾಗಿ ಬಂದಾಗ ಆ ಕಸುಬಿಗೆ ತಾನಾಗಿಯೇ ಒಂದು ಮಿತಿ ಹುಟ್ಟುತ್ತದೆ. ಹಿತ್ತಲಿನ ಬಣ್ಣಕ್ಕೆ ನಾನು ಕೊಡುವ ಬೆಲೆ ಈ ಮಿತಿಗೆ. ಇದನ್ನು ಕೆಜಿಎಫ್‌ನಷ್ಟು ಚೆನ್ನಾಗಿ ಅರಿಯಬಲ್ಲ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಚಿನ್ನಕ್ಕೂ ನೀಲಿ ಬಣ್ಣಕ್ಕೂ ನಾವು ಎಣಿಸದ ಒಂದು ನಂಟಿದೆ. ಅದಿರಿನಿಂದ ಚಿನ್ನ ಬಿಡಿಸಲು ಸೈನೈಡ್ ಬಳಸುವ ವಿಧಾನಕ್ಕೆ ಗ್ಲಾಸ್ಗೋದಲ್ಲಿ ಪೇಟೆಂಟ್ ಸಿಕ್ಕಿದ್ದು 1887ರಲ್ಲಿ. ಸರಿಯಾಗಿ ಹತ್ತು ವರ್ಷಕ್ಕೆ, 1897ರಲ್ಲಿ, ಜರ್ಮನಿಯ ಬಿಎಎಸ್‌ಎಫ್ ಕಾರ್ಖಾನೆ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಇವೆರಡೂ ಬರಿಯ ಕಾಲದ ಹೊಂದಿಕೆ ಎನ್ನುವಂತಿಲ್ಲ. ಚಿನ್ನದ ಗಣಿಗಳಿಗೆ ಬೇಕಾದ ಸೈನೈಡ್ ತಯಾರಿಸುವ ದಾರಿಯಲ್ಲಿ ಸೋಡಮೈಡ್ ಎಂಬ ರಾಸಾಯನಿಕ ಬರುತ್ತದೆ. ಆ ವ್ಯಾಪಾರದಲ್ಲಿದ್ದ ಡೆಗುಸ್ಸಾ ಕಂಪನಿಯ ಯೋಹಾನೆಸ್ ಫ್ಲೇಗರ್ 1901ರಲ್ಲಿ ಕಂಡುಕೊಂಡದ್ದೆಂದರೆ, ಅದೇ ಸೋಡಮೈಡ್ ಬಳಸಿದರೆ ಕೃತಕ ನೀಲಿ ಬಹಳ ಅಗ್ಗವಾಗಿ ಸಿಗುತ್ತದೆ ಎಂಬುದನ್ನು. ಇವತ್ತು ಜೀನ್ಸ್ ಬಟ್ಟೆಗೆಂದು ತಯಾರಾಗುವ ನೀಲಿಯಲ್ಲೂ ಆರಂಭದ ಸರಕು ಅನಿಲೀನ್, ಫಾರ್ಮಾಲ್ಡಿಹೈಡ್ ಮತ್ತು ಸೈನೈಡೇ. ಮಾರಿಕುಪ್ಪಂನಲ್ಲಿ ರೈಲಿಳಿಯುವ ಹುಡುಗನ ನೀಲಿ ಪ್ಯಾಂಟಿಗೂ ಅವನ ಮನೆಯ ಹಿಂದಿನ ಬೂದು ದಿಬ್ಬಕ್ಕೂ ಹೀಗೆ ದೂರದ ರಕ್ತಸಂಬಂಧ.

ಇಷ್ಟು ಹೇಳಿ, ಆದ್ದರಿಂದ ಗಿಡದ ನೀಲಿಯೇ ಶುದ್ಧ ಎಂದು ಮುಗಿಸಿಬಿಡುವುದು ಸುಲಭ. ಅದು ಸತ್ಯವಲ್ಲ. ಮೊದಲನೆಯದಾಗಿ, ಬಟ್ಟೆಯ ಮೇಲೆ ಕೂತ ಮೇಲೆ ಗಿಡದ ನೀಲಿಯೂ ಕಾರ್ಖಾನೆಯ ನೀಲಿಯೂ ಒಂದೇ ಅಣು. ಕಲ್ಲೆಣ್ಣೆಯಿಂದ ಬಂದದ್ದರಲ್ಲಿ ವಿಕಿರಣಶೀಲ ಇಂಗಾಲ ಇರುವುದಿಲ್ಲ ಎಂಬುದನ್ನು ಪ್ರಯೋಗಾಲಯದಲ್ಲಿ ಅಳೆದೇ ಇವೆರಡನ್ನು ಖಚಿತವಾಗಿ ಬೇರ್ಪಡಿಸಬೇಕು. ಉಟ್ಟವರ ಮೈಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡನೆಯದಾಗಿ, ಗಿಡದ ನೀಲಿಗೂ ತನ್ನದೇ ರಕ್ತದ ಕಲೆಯಿದೆ. ಬಂಗಾಳದ ರೈತರು 1859ರಲ್ಲಿ ನೀಲಿ ಬಿತ್ತುವುದಿಲ್ಲ ಎಂದು ಎದ್ದು ನಿಂತದ್ದು, ಮರುವರ್ಷ ದೀನಬಂಧು ಮಿತ್ರರ ‘ನೀಲದರ್ಪಣ’ ನಾಟಕ ಪ್ರಕಟವಾದದ್ದು, 1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಹೋದದ್ದು ಯಾವ ರಾಸಾಯನಿಕದ ವಿರುದ್ಧವೂ ಅಲ್ಲ. ನೆಲ ರೈತನದು, ಬೆಳೆ ಯಾವುದೆಂಬ ತೀರ್ಮಾನ ತೋಟದ ದೊರೆಯದು. ಸಾಲ ರೈತನದು, ಲಾಭ ಲಂಡನ್ನಿನದು. ಅನ್ನ ಬೆಳೆಯಬೇಕಾದ ಗದ್ದೆಯಲ್ಲಿ ಬಣ್ಣ ಬೆಳೆಸಿದ ಆ ವ್ಯವಸ್ಥೆಯನ್ನು ಕೊನೆಗೆ ಮಣ್ಣುಮುಕ್ಕಿಸಿದ್ದರಲ್ಲಿ ಜರ್ಮನಿಯ ಕೃತಕ ನೀಲಿಯ ಪಾಲೂ ದೊಡ್ಡದು. ಹಾಗಾಗಿ ಕಾರ್ಖಾನೆ ಕೆಟ್ಟದ್ದು, ಗಿಡ ಒಳ್ಳೆಯದು ಎಂಬ ವಾದದಲ್ಲಿ ನನಗೆ ನಂಬಿಕೆಯಿಲ್ಲ. ಬಣ್ಣ ಯಾರ ನೆಲದಲ್ಲಿ, ಯಾರ ತೀರ್ಮಾನದಿಂದ, ಎಷ್ಟು ಪ್ರಮಾಣದಲ್ಲಿ ಹುಟ್ಟಿತು? ಮಿಕ್ಕದ್ದು ಎಲ್ಲಿ ಹೋಯಿತು? ಕೇಳಬೇಕಾದ್ದು ಇದನ್ನು.

ಮಿಕ್ಕದ್ದು ಎಲ್ಲಿ ಹೋಗುತ್ತದೆ ಎಂದು ತಿಳಿಯಲು ನಮ್ಮ ಪಾಲಾರ್ ಹೊಳೆಯ ಜೊತೆಗೇ ಕೆಳಗೆ ನಡೆದರೆ ಸಾಕು. ನಂದಿ ಬೆಟ್ಟದ ಕಡೆ ಹುಟ್ಟಿ, ಕೋಲಾರ ಜಿಲ್ಲೆ ದಾಟಿ, ಬೇತಮಂಗಲದ ಕೆರೆಯಲ್ಲಿ ನಿಂತು ಗಣಿಗಳ ಬಾಯಾರಿಕೆ ತೀರಿಸಿದ ಹೊಳೆ ಅದು. ತಮಿಳುನಾಡಿಗೆ ಇಳಿದ ಮೇಲೆ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಯ ಚರ್ಮ ಹದ ಮಾಡುವ ಕಾರ್ಖಾನೆಗಳ ನೀರು ಅದಕ್ಕೆ ಸೇರಿತು. 1996ರಲ್ಲಿ ಸುಪ್ರೀಂ ಕೋರ್ಟು ವೆಲ್ಲೂರು ನಾಗರಿಕರ ವೇದಿಕೆಯ ಪ್ರಕರಣದಲ್ಲಿ, ಕೊಳೆ ಮಾಡಿದವನೇ ಅದರ ಬೆಲೆ ತೆರಬೇಕು ಎಂಬ ತತ್ತ್ವವನ್ನು ಈ ದೇಶದ ಕಾನೂನೆಂದು ಒಪ್ಪಿಕೊಂಡದ್ದು ಇದೇ ಪಾಲಾರಿನ ಗೋಳಿನಿಂದ. ಚರ್ಮದ ಕಥೆಯನ್ನು ಬಣ್ಣದ ಲೇಖನದಲ್ಲಿ ಯಾಕೆ ತಂದೆನೆಂದರೆ, ಕ್ರೋಮಿಯಂ ಬರುವ ಮೊದಲು ದಕ್ಷಿಣದ ಹದಗಾರರು ಬಳಸುತ್ತಿದ್ದುದು ನಮ್ಮ ಬಂಗಾರಪೇಟೆ–ಬೂದಿಕೋಟೆ ರಸ್ತೆಯ ಬದಿಯಲ್ಲಿ ಯಾರೂ ನೆಡದೆ ಹಳದಿ ಹೂ ಬಿಡುವ ಆವರಿಕೆಯ ತೊಗಟೆಯನ್ನು. ತಂಗಡಿ ಅನ್ನಿ, ಆವಾರಂ ಅನ್ನಿ, ಅದೇ ಗಿಡ. ಬಣ್ಣದ ಕಾರ್ಖಾನೆಗಳದ್ದೇ ಕಥೆ ಬೇಕೆಂದರೆ ತಿರುಪ್ಪೂರಿನ ನೊಯ್ಯಲ್ ಹೊಳೆ ಇದೆ. ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಲು ಮದರಾಸು ಹೈಕೋರ್ಟು 2011ರ ಜನವರಿಯಲ್ಲಿ ಆದೇಶಿಸಬೇಕಾಯಿತು. ಒರತ್ತುಪಾಳಯಂ ಅಣೆಕಟ್ಟು ಕಟ್ಟಿದ್ದು ಹೊಲಕ್ಕೆ ನೀರು ಕೊಡಲು; ಅದು ಬಣ್ಣದ ಕೊಳೆನೀರು ನಿಲ್ಲುವ ಹೊಂಡವಾಯಿತು. ಎರಡು ಕಡೆಯೂ ಬಣ್ಣ ಮತ್ತು ಚರ್ಮ ಒಂದು ದಿಕ್ಕಿಗೆ ಹೋದವು, ಗಸಿ ಇನ್ನೊಂದು ದಿಕ್ಕಿಗೆ ಹರಿಯಿತು. ಕೆಜಿಎಫ್‌ನ ಲೆಕ್ಕವೂ ಇದೇ ಆಗಿತ್ತು.

ಈಗ ಹಿತ್ತಲಿಗೆ ಬರೋಣ. ಬಣ್ಣದ ಗಿಡ ಬೆಳೆಸಬೇಕು ಎಂದವರು ಮೊದಲು ನೆಡುವುದು ಚೆಂಡುಹೂವು. ಅದು ಬೇಡ ಎನ್ನುತ್ತೇನೆ. ಆಯುಧಪೂಜೆಯ ಮರುದಿನ ರಾಬರ್ಟ್‌ಸನ್‌ಪೇಟೆಯ ಬೀದಿಗಳಲ್ಲಿ, ಬಂಗಾರಪೇಟೆಯ ಲಾರಿ ಸ್ಟ್ಯಾಂಡಿನಲ್ಲಿ, ಪ್ರತಿ ಗ್ಯಾರೇಜಿನ ಮುಂದೆ ಕಸವಾಗಿ ಬಿದ್ದಿರುವ ಚೆಂಡುಹೂವನ್ನು ಕಣ್ಣಾರೆ ನೋಡಿದವರು ಮನೆಯ ನಾಲ್ಕಡಿ ಮಣ್ಣನ್ನು ಅದಕ್ಕೇ ಕೊಡಲಾರರು. ಬೆಲೆ ಬಿದ್ದ ದಿನ ಕೋಲಾರ ಜಿಲ್ಲೆಯ ರೈತರು ಹೂವನ್ನು ಮೂಟೆಗಟ್ಟಲೆ ರಸ್ತೆಗೆ ಸುರಿದು ಹೋಗುತ್ತಾರೆ. ದೇವಸ್ಥಾನದ ಹಾರ ಬಿಡಿಸಿ, ದಾರ ತೆಗೆದು, ನೆರಳಲ್ಲಿ ಒಣಗಿಸಿಟ್ಟರೆ ಒಂದು ವರ್ಷಕ್ಕಾಗುವಷ್ಟು ಹಳದಿ ಸಿಗುತ್ತದೆ. ಈರುಳ್ಳಿ ಸಿಪ್ಪೆಯೂ ಅಷ್ಟೆ. ಬಂಗಾರಪೇಟೆ ಚಾಟ್‌ಗೆ ಹೆಸರಾದ ಊರು. ತಿಳಿನೀರಿನ ಪಾನಿಪುರಿಗಾಗಿ ಬೆಂಗಳೂರಿನವರೂ ರೈಲಿಳಿದು ಬರುತ್ತಾರೆ. ಸಂಜೆಯಾದರೆ ಆ ಅಂಗಡಿಗಳ ಹಿಂದೆ ಈರುಳ್ಳಿ ಸಿಪ್ಪೆ ಚೀಲಗಟ್ಟಲೆ ಬಿದ್ದಿರುತ್ತದೆ. ಪಟಿಕ ಹಾಕಿ ಕುದಿಸಿದರೆ ಅದು ಕೊಡುವ ಹೊನ್ನಿನ ಬಣ್ಣಕ್ಕೆ ಸಾಟಿಯಿಲ್ಲ. ದಾಳಿಂಬೆ ಸಿಪ್ಪೆಗೆ ಜ್ಯೂಸ್ ಅಂಗಡಿಯಿದೆ. ಕಪ್ಪಿಗೆ ತುಕ್ಕು ಹಿಡಿದ ಮೊಳೆ, ಒಂದಿಷ್ಟು ಬೆಲ್ಲ, ನೀರು. ಎರಡು ಮೂರು ವಾರ ಕೊಳೆಯಲು ಬಿಟ್ಟು, ಅಳಲೆಕಾಯಿ ನೀರಲ್ಲಿ ಅದ್ದಿ ಒಣಗಿಸಿದ ಬಟ್ಟೆಗೆ ಮುಟ್ಟಿಸಿದರೆ ಕಪ್ಪು ತಾನಾಗಿ ಹುಟ್ಟುತ್ತದೆ. ಶ್ರೀಕಾಳಹಸ್ತಿಯ ಕಲಂಕಾರಿಯವರು ಇವತ್ತಿಗೂ ಗೆರೆ ಎಳೆಯುವುದು ಈ ರಸದಿಂದಲೇ. ತುಕ್ಕಿಗಂತೂ ಕೆಜಿಎಫ್‌ನಲ್ಲಿ ಬರವಿಲ್ಲ.

ಅರಿಶಿನ ಬೇಡ, ಬೀಟ್‌ರೂಟ್ ಬೇಡ, ದಾಸವಾಳವೂ ಬೇಡ. ಮೊದಲ ದಿನ ಕಣ್ಣು ಕುಕ್ಕುವ ಅರಿಶಿನದ ಹಳದಿ ನಾಲ್ಕು ಬಿಸಿಲಿಗೆ ಸೋರಿಹೋಗುತ್ತದೆ, ಸೋಪು ತಾಗಿದರೆ ಕೆಂಪಗಾಗುತ್ತದೆ. ಬೀಟ್‌ರೂಟಿನದು ಬಣ್ಣವೆಂದು ಕರೆಯುವಷ್ಟೂ ನಿಲ್ಲುವುದಿಲ್ಲ. ಶಾಲೆಯ ಮಕ್ಕಳಿಗೆ ತೋರಿಸಲು ಇವೆಲ್ಲ ಸರಿ. ಉಡುವ ಬಟ್ಟೆಗೆ ಹಾಕಿ, ಎರಡು ತಿಂಗಳಲ್ಲಿ ಮಾಸಿದಾಗ ‘ನ್ಯಾಚುರಲ್ ಅಂದ್ರೆ ಹಂಗೇ’ ಎಂದು ಸಮಜಾಯಿಷಿ ಕೊಡುವುದು ಹಿಂದಿನ ಬಣ್ಣಗಾರರಿಗೆ ಮಾಡುವ ಅವಮಾನ. ಅವರು ಕಟ್ಟಿದ ಬಣ್ಣ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತಿತ್ತು. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮೈಸೂರು ಸೀಮೆ ಸುತ್ತುವಾಗ ಬೆಂಗಳೂರಿನ ನೇಕಾರರು ಅರಗು, ಕಪಿಲಿ ಪುಡಿ, ನೀಲಿ ಮೊದಲಾದವುಗಳಿಂದ ಬಣ್ಣ ಕಟ್ಟುವ ಬಗೆಯನ್ನು ಬಿಡಿಬಿಡಿಯಾಗಿ ಬರೆದಿಟ್ಟಿದ್ದಾನೆ. ಅದನ್ನು ಓದಿದರೆ ಇದು ಅಡುಗೆಮನೆಯ ಆಟವಲ್ಲ, ತೂಕ, ಹೊತ್ತು, ಸರದಿ ತಪ್ಪದ ವಿದ್ಯೆ ಎಂದು ಗೊತ್ತಾಗುತ್ತದೆ.

ಕೆಂಪಿನ ವಿಷಯ ಬಂದರೆ ನನ್ನ ಕೈ ಹಿಂದೆ ಸರಿಯುತ್ತದೆ. ಗಟ್ಟಿ ಕೆಂಪು ಕೊಡುವುದೆಲ್ಲ ಗಿಡದ ಪ್ರಾಣದ ಜಾಗದಲ್ಲಿದೆ. ಮಂಜಿಷ್ಠದ ಬೇರು, ಮಡ್ಡಿಯ ಬೇರಿನ ತೊಗಟೆ, ಸಪ್ಪಂಗದ ಚೇಗು, ಕೋರಮಂಡಲ ಕರಾವಳಿಯ ಚಾಯಬೇರು. ಅಗೆಯದೆ, ಕಡಿಯದೆ ಇವು ಬಣ್ಣ ಬಿಡುವುದಿಲ್ಲ. ವರ್ಷಗಟ್ಟಲೆ ಬೆಳೆಸಿದ್ದನ್ನು ಒಂದು ಬಟ್ಟೆಗಾಗಿ ಕೀಳುವುದು ಹಿತ್ತಲಿನ ಸ್ವಭಾವಕ್ಕೆ ಒಗ್ಗುವುದಿಲ್ಲ. ಕೆಂಪು ಬೇಕಾದವರು ಅದನ್ನೇ ಕಸುಬಾಗಿ ಮಾಡುವವರಿಂದ ಬೆಲೆ ಕೊಟ್ಟು ತರಲಿ.

ಉಳಿದದ್ದು ನೀಲಿ. ಹಿತ್ತಲಲ್ಲಿ ಒಂದೇ ಒಂದು ಬಣ್ಣದ ಗಿಡ ಬೆಳೆಸುವುದಾದರೆ ಇದನ್ನೇ ಬೆಳೆಸಬೇಕು. ಬೇರೆ ಬಣ್ಣಗಳಿಗೆ ಕಸದ ಬುಟ್ಟಿಯಲ್ಲೋ ರಸ್ತೆ ಬದಿಯಲ್ಲೋ ಒಂದು ದಾರಿ ಇದ್ದೇ ಇದೆ. ನೀಲಿಗೆ ಅಂಥ ಅಡ್ಡದಾರಿಯಿಲ್ಲ, ಗಿಡವೇ ಬೇಕು. ಕೆಜಿಎಫ್‌ನ ತಮಿಳು ಮನೆಗಳಲ್ಲಿ ಇದು ಹೊಸ ಹೆಸರೂ ಅಲ್ಲ. ನರೆಗೂದಲಿಗೆ ಮದರಂಗಿಯ ಜೊತೆ ಹಚ್ಚುವ ‘ಅವುರಿ’ ಪುಡಿ ಇದರ ಸೊಪ್ಪೇ. ಗಣಿಗೆ ಆಳುಗಳು ಬಂದದ್ದು ಹೆಚ್ಚಾಗಿ ಉತ್ತರ ಆರ್ಕಾಟಿನಿಂದ; ಅದರಾಚೆಯ ತಿಂಡಿವನದ ಸುತ್ತ ನೀಲಿಯ ಬೇಸಾಯ ಇವತ್ತಿಗೂ ಪೂರ್ತಿ ನಿಂತಿಲ್ಲ.

ಗಿಡ ನಮ್ಮ ಸೀಮೆಗೆ ಹೇಳಿ ಮಾಡಿಸಿದ್ದು. ಕೋಲಾರದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್ ಮಳೆ. ಬೇಸಗೆಯಲ್ಲೂ ಹರಿಯುವ ಹೊಳೆ ಒಂದೂ ಇಲ್ಲ. ಬೆಂಗಳೂರಿನ ಸಂಸ್ಕರಿಸಿದ ಕೊಳೆನೀರು 2018ರಲ್ಲಿ ಕೊಳವೆಯಲ್ಲಿ ಬಂದು ನಮ್ಮ ಕೆರೆಗಳಿಗೆ ಬೀಳತೊಡಗಿತು ಎಂದರೆ ಉಳಿದದ್ದನ್ನು ಊಹಿಸಿಕೊಳ್ಳಬಹುದು. ಅವರೆ, ತೊಗರಿಯ ಕುಲದ ನೀಲಿ ಗಿಡ ಬೇರಿನ ಗಂಟಿನಲ್ಲಿ ಸಾರಜನಕ ಕಟ್ಟಿಕೊಂಡು, ಕೆಂಪು ಮಣ್ಣಿನಲ್ಲೇ ಮೊಳಕಾಲೆತ್ತರ ದಾಟುತ್ತದೆ. ಬೀಜದ ಸಿಪ್ಪೆ ಗಟ್ಟಿ. ಮರಳಿನ ಜೊತೆ ಹಗುರಾಗಿ ಉಜ್ಜಿ, ಬಿಸಿನೀರಲ್ಲಿ ಒಂದು ರಾತ್ರಿ ನೆನೆಸಿ ಮುಂಗಾರಿಗೆ ಹಾಕಿದರೆ ಮೂರು ನಾಲ್ಕು ತಿಂಗಳಿಗೆ, ಹೂ ಬಿಡುವ ಹೊತ್ತಿಗೆ, ಮೊದಲ ಕೊಯ್ಲು. ಬುಡ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಬೆಳಗಿನ ಹೊತ್ತು ಕೊಯ್ದ ಸೊಪ್ಪನ್ನು ನೀರಿನ ಡ್ರಮ್ಮಿಗೆ ತುಂಬಿ, ತೇಲದಂತೆ ಮೇಲೆ ಕಲ್ಲಿಟ್ಟರೆ ಮರುದಿನಕ್ಕೆ ನೀರು ಹಸಿರು ಹಳದಿಯಾಗಿ, ಮೇಲೆ ತಾಮ್ರದ ಹೊಳಪಿನ ಪೊರೆ ಕಟ್ಟುತ್ತದೆ. ಸೊಪ್ಪು ತೆಗೆದು, ಸುಣ್ಣದ ತಿಳಿ ಹಾಕಿ, ಚೊಂಬಿನಲ್ಲಿ ಎತ್ತಿ ಸುರಿಯುತ್ತ ಗಾಳಿ ತಾಗಿಸಬೇಕು. ನೊರೆ ನೀಲಿಯಾಗಿ, ಆಮೇಲೆ ನೊರೆಯೇ ಇಂಗಿ ತಳದಲ್ಲಿ ಕೆಸರು ಕೂರುತ್ತದೆ. ಬಟ್ಟೆಯಲ್ಲಿ ಸೋಸಿ ಒಣಗಿಸಿದರೆ ನೀಲಿ ಗಟ್ಟಿ.

ಎಷ್ಟು ಸಿಗುತ್ತದೆ? ನೂರು ಕೆಜಿ ಹಸಿ ಸೊಪ್ಪಿಗೆ ಅರ್ಧ ಕೆಜಿ ಸಿಕ್ಕರೆ ಹೆಚ್ಚು. ಪಕ್ಕದ ಮನೆಯ ಹಿರಿಯರೊಬ್ಬರು, ಮೂವತ್ತು ವರ್ಷ ನೆಲದೊಳಗೆ ದುಡಿದವರು, ಡ್ರಮ್ಮಿನೊಳಗೆ ಇಣುಕಿ ‘ಇಷ್ಟೆಲ್ಲ ಸೊಪ್ಪಿಗೆ ಇಷ್ಟೇನಾ ತಮ್ಮಾ?’ ಎಂದರು. ಒಂದು ಟನ್ ಕಲ್ಲಿಗೆ ಎಷ್ಟು ಚಿನ್ನ ಸಿಗುತ್ತಿತ್ತು ಅಣ್ಣಾ ಎಂದೆ. ಕೈಬೆರಳಲ್ಲಿ ಗ್ರಾಂ ಎಣಿಸಿ ತೋರಿಸಿ ಸುಮ್ಮನಾದರು. ಅವರ ಸಂಶಯ ಸರಿಯಾದದ್ದೇ. ಒಂದು ಹತ್ತಿ ಸೀರೆ ಅರ್ಧ ಕೆಜಿ ತೂಗಿದರೆ, ಅದಕ್ಕೆ ತಿಳಿ ನೀಲಿ ಕಟ್ಟಲು ನನ್ನ ಅಂದಾಜಿನಲ್ಲಿ ಇಪ್ಪತ್ತು ಗಿಡಗಳ ಒಂದು ಕೊಯ್ಲಾದರೂ ಬೇಕು. ಚೆಂಡುಹೂವಿನ ಹಳದಿಗೆ ಬಟ್ಟೆಯ ಅರ್ಧ ತೂಕದಷ್ಟು ಒಣ ಹೂವು, ಅಂದರೆ ಎರಡು ಕೆಜಿ ಮೀರಿದ ಹಸಿ ಹೂವು. ಇಡೀ ಜಗತ್ತಿನ ಬಟ್ಟೆಗೆ ಗಿಡದಿಂದಲೇ ಬಣ್ಣ ಕಟ್ಟುತ್ತೇವೆ ಎಂದು ಹೊರಟರೆ ಅನ್ನದ ನೆಲವೆಲ್ಲ ಬಣ್ಣಕ್ಕೆ ಹೋಗಬೇಕಾದೀತು. ಚಂಪಾರಣವೇ ಮತ್ತೆ ಬಂದೀತು. ಭಾರತದಲ್ಲಿ ನೀಲಿಯ ಬೇಸಾಯ 15 ಲಕ್ಷ ಎಕರೆ ದಾಟಿದ್ದ 1890ರ ದಶಕವನ್ನು ಯಾರೂ ಹಂಬಲಿಸಬಾರದು. ಹಿತ್ತಲು ವರ್ಷಕ್ಕೆ ಎರಡು ಸೀರೆ, ನಾಲ್ಕು ಟವೆಲ್ಲು, ಮಗುವಿಗೊಂದು ಅಂಗಿ ಕೊಟ್ಟೀತು. ವರ್ಷಕ್ಕೆ ಎಷ್ಟು ಬಟ್ಟೆ ಬೇಕು ಎಂಬ ಪ್ರಶ್ನೆಯನ್ನು ಆ ಎರಡು ಸೀರೆ ಕೇಳಿಸುವಷ್ಟು ಜೋರಾಗಿ ಯಾವ ಭಾಷಣವೂ ಕೇಳಿಸಲಾರದು.

ನೀರಿನ ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಒಲೆಯ ಮೇಲೆ ಕುದಿಸಿ ಕಟ್ಟುವ ಬಣ್ಣಕ್ಕೆ ಪ್ರತಿ ಮುಳುಗಿಗೆ ಬಟ್ಟೆಯ ತೂಕದ ಇಪ್ಪತ್ತು ಪಟ್ಟಾದರೂ ನೀರು ಬೇಕು. ಗಂಜಿ ತೆಗೆಯಲು ಒಮ್ಮೆ, ಪಟಿಕಕ್ಕೆ ಒಮ್ಮೆ, ಬಣ್ಣಕ್ಕೆ ಒಮ್ಮೆ, ಜಾಲಿಸಲು ಎರಡು ಸಲ. ಅರ್ಧ ಕೆಜಿಯ ಸೀರೆಗೆ ನಾಲ್ಕು ಕೊಡ ನೀರು ಚರಂಡಿಗೆ ಹೋಗುತ್ತದೆ. ಟ್ಯಾಂಕರಿನ ಹಾರ್ನ್ ಕೇಳಿ ಕೊಡ ಹಿಡಿದು ಓಡುವವರ ಬೀದಿಯಲ್ಲಿ ನಿಂತು ಇದನ್ನು ಮಾಡಿ ಎಂದು ಹೇಳುವ ಬಾಯಿ ನನಗಿಲ್ಲ. ಇಲ್ಲೂ ನೀಲಿಯೇ ಕೈಹಿಡಿಯುತ್ತದೆ. ಒಂದು ಪಾಲು ನೀಲಿ, ಎರಡು ಪಾಲು ಸುಣ್ಣ, ಮೂರು ಪಾಲು ಹಣ್ಣಿನ ಸಕ್ಕರೆ ಸೇರಿಸಿ ಕಟ್ಟಿದ ನೀಲಿ ತೊಟ್ಟಿಯನ್ನು ಚೆಲ್ಲಬೇಕಾಗಿಲ್ಲ. ಹುಳಿ ಹೆಪ್ಪಿನಂತೆ ಅದನ್ನು ಉಣಿಸುತ್ತ ಹೋದರೆ ಅದೇ ನೀರಿನಲ್ಲಿ ತಿಂಗಳುಗಟ್ಟಲೆ ಅದ್ದಬಹುದು. ಸಕ್ಕರೆಯ ಬದಲು ಮಾಗಿ ಕರ್ರಗಾದ ಬಾಳೆಹಣ್ಣು ನಡೆಯುತ್ತದೆ. ಹಿಂದಿನವರು ದಕ್ಷಿಣದಲ್ಲೆಲ್ಲ ತಗಚೆ ಬೀಜ ಬೇಯಿಸಿ ಹಾಕಿ ಹುಳಿ ಬರಿಸುತ್ತಿದ್ದರು; ಮಳೆಗಾಲ ಮುಗಿದ ಮೇಲೆ ನಮ್ಮ ಪಾಳು ಜಾಗಗಳಲ್ಲೆಲ್ಲ ಆ ಕಾಯಿ ಒಣಗಿ ಸಿಡಿಯುತ್ತಿರುತ್ತದೆ. ಒಲೆ ಬೇಡ, ಪಟಿಕ ಬೇಡ. ತೊಟ್ಟಿಯಿಂದ ಎತ್ತಿದ ಬಟ್ಟೆ ಹಳದಿ ಹಸಿರಾಗಿದ್ದು ಗಾಳಿ ತಾಗಿದಂತೆ ಕಣ್ಣೆದುರಿಗೇ ನೀಲಿಯಾಗುತ್ತದೆ. ನೂರು ಸಲ ನೋಡಿದರೂ ನನಗೆ ಇದು ಹಳತಾಗಿಲ್ಲ.

ಇನ್ನು, ಹಿತ್ತಲು ಯಾರಿಗಿದೆ? ಬಂಗಾರಪೇಟೆಯ ಹಳೆಯ ಮನೆಗಳಿಗೆ ಹಿಂದೊಂದು ಜಾಗ, ಒಂದು ಸೀಬೆ ಮರ, ಬಟ್ಟೆ ಒಗೆಯುವ ಕಲ್ಲು ಇರುತ್ತವೆ. ಕೆಜಿಎಫ್ ಹಾಗಿಲ್ಲ. ಬಿಳಿಯ ಅಧಿಕಾರಿಗಳಿದ್ದ ಕಾಲದಲ್ಲಿ ಇದನ್ನು ಲಿಟಲ್ ಇಂಗ್ಲೆಂಡ್ ಎನ್ನುತ್ತಿದ್ದರು. ಆ ಇಂಗ್ಲೆಂಡು ಇದ್ದದ್ದು ಬಂಗಲೆಗಳ ಹುಲ್ಲುಹಾಸಿನಲ್ಲಿ, ಗುಲಾಬಿ ಪಾತಿಯಲ್ಲಿ. ಮೂರು ಕಿಲೋಮೀಟರಿಗೂ ಆಳದ ಬಿಸಿಗೆ ಇಳಿದು ಬರುತ್ತಿದ್ದವರಿಗೆ ಇದ್ದದ್ದು ತಟ್ಟಿಯ ಗೋಡೆಯ ಒಂದು ಕೋಣೆ, ಎದುರಿಗೆ ಎರಡು ಮಾರು ಅಂಗಳ, ಅದರಾಚೆ ಮುಂದಿನ ಲೈನಿನ ಬೆನ್ನು. ಮನೆಯಂಗಳದ ತೋಟದ ಬಗ್ಗೆ ನಮ್ಮಲ್ಲಿ ಬರುವ ಬರಹಗಳು ಈ ಭೇದವನ್ನು ಕಾಣುವುದೇ ಇಲ್ಲ. ಎಲ್ಲರಿಗೂ ಬಂಗಲೆ ಇದೆಯೆಂದೇ ಅವುಗಳ ಎಣಿಕೆ. ಆದರೆ ಲೈನು ಮನೆಯವರಿಗೆ ಗಿಡದ ಪ್ರೀತಿ ಕಡಿಮೆ ಎಂದು ಯಾರಾದರೂ ಅಂದರೆ ಅವರು ಅಲ್ಲಿ ನಡೆದಾಡಿಲ್ಲ. ಪೇಂಟ್ ಡಬ್ಬ, ಒಡೆದ ಬಕೆಟ್ಟು, ಹಳೆಯ ಟೈರು, ಎಲ್ಲದರಲ್ಲೂ ತುಳಸಿಯೋ ಕನಕಾಂಬರವೋ ಇದ್ದೇ ಇರುತ್ತದೆ. ನೀಲಿ ಗಿಡಕ್ಕೆ ಹದಿನೈದು ಲೀಟರಿನ ಡಬ್ಬ ಸಾಲುತ್ತದೆ.

ಲೈನು ಮನೆಗೆ ನೀಲಿ ಸರಿಹೊಂದಲು ಇನ್ನೊಂದು ಕಾರಣವಿದೆ, ಹೇಳಲು ಮನಸ್ಸು ಭಾರವಾಗುತ್ತದೆ. ದಿಬ್ಬದ ಧೂಳು ವರ್ಷಾನುಗಟ್ಟಲೆ ಬಿದ್ದ ಅಂಗಳದಲ್ಲಿ ಬೆಳೆದ ದಂಟು, ಮೆಂತ್ಯವನ್ನು ಮಕ್ಕಳಿಗೆ ಬೇಯಿಸಿ ಹಾಕಲು ನಾನಾದರೆ ಹಿಂಜರಿಯುತ್ತೇನೆ. ಬಣ್ಣದ ಗಿಡ ಬಾಯಿಗೆ ಹೋಗುವುದಿಲ್ಲ. ಅದಕ್ಕೂ ಹೊರಗಿನಿಂದ ತಂದ ಮಣ್ಣನ್ನೇ ಡಬ್ಬಕ್ಕೆ ತುಂಬುವುದು ಲೇಸು. ದಿಬ್ಬದ ಮೇಲೆಯೇ ಆವರಿಕೆ, ನೀಲಿ ಬೆಳೆಸಿ ಆದಾಯ ಮಾಡಿ ಎಂಬ ಸಲಹೆಯನ್ನು ಕೇಳಿದ್ದೇನೆ. ಅದಕ್ಕೆ ನನ್ನ ವಿರೋಧವಿದೆ. ದಿಬ್ಬದ ಮೇಲೆ ಗಿಡ ಬರಲಿ, ಅದರ ಕೆಲಸ ಧೂಳು ಹಿಡಿದಿಡುವುದು ಮಾತ್ರ. ಆ ಸೊಪ್ಪಿಗೆ ಕುಡುಗೋಲು ಹಾಕಬಾರದು. ಅದೂ ಎಷ್ಟು ದಿನವೋ. 13 ದಿಬ್ಬಗಳಿರುವ ಸುಮಾರು 1,000 ಎಕರೆಯಲ್ಲಿ ಮತ್ತೆ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಗಸಿಯಿಂದಲೂ ಇನ್ನಷ್ಟು ಹಿಂಡಿಕೊಂಡ ಮೇಲೆ ಮಿಗುವ ಗಸಿ ಎಲ್ಲಿಗೆ ಎಂಬುದು ಊರಿನವರು ಪಟ್ಟು ಹಿಡಿದು ಕೇಳಬೇಕಾದ ಪ್ರಶ್ನೆ.

ಇದರಿಂದ ನಾಲ್ಕು ಕಾಸು ಹುಟ್ಟುತ್ತದೆಯೇ ಎಂದು ಕೇಳುವವರಿಗೆ ಸುಳ್ಳು ಹೇಳಬಾರದು. ಗಣಿ ಮುಚ್ಚಿದ ಮೇಲೆ ಈ ಊರಿನ ಜನ ಬೆಳಗಿನ ಜಾವದ ರೈಲಿಗೆ ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಡಬ್ಬದಲ್ಲಿ ಬೆಳೆದ ನೀಲಿ ಆ ಸಂಬಳದ ಜಾಗ ತುಂಬುವುದಿಲ್ಲ. ಗಿಡದ ಬಣ್ಣ ಕಸುಬಾಗಿ ನಿಂತ ಉದಾಹರಣೆ ನಮ್ಮಲ್ಲೇ ಇದೆ: ಹೆಗ್ಗೋಡಿನ ಬಳಿ ಭೀಮನಕೋಣೆಯ ಚರಕ. ರಂಗಕರ್ಮಿ ಪ್ರಸನ್ನ ಅವರು ಹಳ್ಳಿಯ ಹೆಣ್ಣುಮಕ್ಕಳ ಜೊತೆ ಕಟ್ಟಿದ ಆ ಸಹಕಾರ ಸಂಘ ಅಡಿಕೆ ಬೇಯಿಸಿದಾಗ ಮಿಗುವ ಚೊಗರನ್ನೇ ಬಣ್ಣವಾಗಿಸಿತು. ಅದು ನಿಂತದ್ದು ಬಣ್ಣದಿಂದ ಮಾತ್ರವಲ್ಲ. ಮಗ್ಗವಿತ್ತು, ಹೊಲಿಗೆಯಿತ್ತು, ಮಾರಲು ದೇಸಿ ಅಂಗಡಿಗಳಿದ್ದವು. ಕೆಜಿಎಫ್‌ನಲ್ಲಿ ಮಗ್ಗವಿಲ್ಲ. ಆದರೆ ಚರಕದಿಂದ ಕಲಿಯಬೇಕಾದ್ದು ಬೇರೆಯೇ ಇದೆ. ಮಲೆನಾಡಿನ ಬಣ್ಣ ಅಲ್ಲಿನ ಮಿಕ್ಕದ್ದರಿಂದ ಹುಟ್ಟಿತು. ನಮ್ಮ ಸೀಮೆಯ ಬಣ್ಣ ಹುಟ್ಟಬೇಕಾದ್ದು ಆಯುಧಪೂಜೆಯ ಹೂವಿನಿಂದ, ಚಾಟ್ ಅಂಗಡಿಯ ಸಿಪ್ಪೆಯಿಂದ, ತುಕ್ಕಿನಿಂದ, ಡಬ್ಬದ ನೀಲಿಯಿಂದ. ಮನೆಗೆ ನಾಲ್ಕು ಗಿಡ, ಬೀದಿಗೆ ಒಂದು ತೊಟ್ಟಿ. ಒಂದು ಸ್ತ್ರೀಶಕ್ತಿ ಸಂಘಕ್ಕೆ ಆಗದ ಕೆಲಸವೇನಲ್ಲ ಇದು. ತೊಟ್ಟಿಯನ್ನು ಒಬ್ಬೊಬ್ಬರೇ ಇಟ್ಟುಕೊಂಡರೆ ಉಣಿಸುವವರಿಲ್ಲದೆ ಸಾಯುತ್ತದೆ, ನೀರೂ ದಂಡ. ಹತ್ತು ಮನೆಯ ಸೊಪ್ಪು ಒಂದೇ ಡ್ರಮ್ಮಿಗೆ ಬಿದ್ದರೆ ನೀಲಿಯೂ ಗಟ್ಟಿ ಬರುತ್ತದೆ. ಆಗ ತೊಟ್ಟಿಯ ತಳ ಎಲ್ಲಿ ಬಳಿದು ಹಾಕಬೇಕು ಎಂಬುದನ್ನು ಹತ್ತು ಮನೆಯವರೂ ಕೂತು ತೀರ್ಮಾನಿಸಬೇಕಾಗುತ್ತದೆ. ಈ ಊರಿನಲ್ಲಿ ಯಾವ ಗಸಿಯ ಬಗ್ಗೆಯೂ ಯಾರೂ ಜನರನ್ನು ಹಾಗೆ ಕೂರಿಸಿ ಕೇಳಿರಲಿಲ್ಲ.

ನನ್ನ ತೊಟ್ಟಿಯ ತಳವನ್ನು ಹೋದ ವರ್ಷ ಬಳಿದು ದಾಳಿಂಬೆ ಗಿಡದ ಬುಡಕ್ಕೆ ಹಾಕಿದೆ. ಕೊಳೆತ ಸೊಪ್ಪು ಒಳ್ಳೆಯ ಗೊಬ್ಬರ, ಅದರ ಬಗ್ಗೆ ಚಿಂತೆಯಿಲ್ಲ. ಸುಣ್ಣದ ಗಸಿಯ ಬಗ್ಗೆ ನಾನು ಯೋಚಿಸಿರಲಿಲ್ಲ. ವಾರದಲ್ಲಿ ಅದು ಒಣಗಿ, ಬುಡದ ಸುತ್ತ ಒಂದು ಮೊರದಗಲ ಬೆಳ್ಳಗೆ ಬಿರುಕು ಬಿಟ್ಟು ನಿಂತಿತು. ಅಲ್ಲಿ ಗರಿಕೆಯೂ ಹುಟ್ಟಲಿಲ್ಲ. ಗಾಳಿ ಬಂದಾಗ ಅದರಿಂದ ಸಣ್ಣಗೆ ಪುಡಿ ಏಳುತ್ತಿತ್ತು. ನಲ್ಲಿಗೆ ಹೋಗುವ ದಾರಿಯಲ್ಲೇ ಇದ್ದುದರಿಂದ ದಿನಕ್ಕೆ ನಾಲ್ಕು ಸಲ ಅದನ್ನು ದಾಟಬೇಕಾಗಿತ್ತು. ಈ ವರ್ಷ ಸುಣ್ಣವನ್ನು ಚಮಚದಲ್ಲಿ ಅಳೆದು ಹಾಕುತ್ತಿದ್ದೇನೆ.